ಒದ್ದೆ ಹಾಸಿಗೆ

ಮಿಶೆಲ್ ಮ್ಯಾಗೋರಿಯನ್ ಅವರ ‘ಗುಡ್‌ನೈಟ್ ಮಿಸ್ಟರ್ ಟಾಮ್’ ಕಾದಂಬರಿಯನ್ನು ಮತ್ತೆ ಓದಿದೆ. 1981ರದ್ದು. ಕಥೆ ನಡೆಯುವುದು 1939ರ ಸೆಪ್ಟೆಂಬರಿನಿಂದ. ಬಾಂಬಿನ ಭಯಕ್ಕೆ ಲಂಡನ್ನಿನ ಮಕ್ಕಳನ್ನು ಹೆಸರಿನ ಚೀಟಿ ಕಟ್ಟಿ, ರೈಲು ಹತ್ತಿಸಿ, ಹಳ್ಳಿಗಳಿಗೆ ಕಳಿಸಿದ ಕಾಲ ಅದು. ನಿಜವಾಗಿ ನಡೆದದ್ದೇ.

ಮೈತುಂಬ ಬಾಸುಂಡೆ ಹೊತ್ತ ಪುಟ್ಟ ವಿಲಿಯಂ, ಹೆಂಡತಿ ಮಗುವನ್ನು ಕಳೆದುಕೊಂಡು ಊರಿನೊಂದಿಗೆ ಮಾತು ಬಿಟ್ಟ ಟಾಮ್ ಮುದುಕನ ಬಾಗಿಲಿಗೆ ಬರುತ್ತಾನೆ. ಮಂಚವೆಂದರೆ ಸತ್ತವರಿಗೆ ಎಂದುಕೊಂಡು ಅದರ ಕೆಳಗೆ ತೂರುತ್ತಾನೆ! ಅಲ್ಲಿ ನಾನು ಪುಸ್ತಕ ಮುಚ್ಚಿಡಬೇಕಾಯಿತು.

ಯುದ್ಧದ ಕಥೆಯೆಂದರೆ ರಣರಂಗ ಅಂದುಕೊಳ್ಳುತ್ತೇವೆ. ಇಲ್ಲಿ ಗುಂಡಿನ ಸದ್ದು ದೂರದ್ದು. ಮನಸ್ಸಿನಲ್ಲಿ ಉಳಿದದ್ದು, ಹುಡುಗ ಒದ್ದೆ ಮಾಡಿದ ಹಾಸಿಗೆ ಬಟ್ಟೆಯನ್ನು ಬೈಯದೆ ಒಗೆಯುವ, ಆಮೇಲೆ ಅವನಿಗೆ ಅಕ್ಷರ ತಿದ್ದಿಸುವ ಆ ಒರಟು ಕೈಗಳು.