ರೋಟರಿಯವರ ಭಾನುವಾರ

ಶಿವಮೊಗ್ಗದ ಕಡೆಯಿಂದ ಬಿ.ಎಚ್. ರಸ್ತೆ ಹಿಡಿದು ಸಾಗರಕ್ಕೆ ಬರುವವರನ್ನು ಮೊದಲು ಎದುರುಗೊಳ್ಳುವುದು ಫ್ಲೆಕ್ಸುಗಳು. ಗಣಪತಿ ಕೆರೆ, ಮಾರಿಕಾಂಬೆಯ ಗುಡಿ, ಗುಡಿಗಾರರ ಗಂಧದ ಕೆತ್ತನೆ ಎಲ್ಲ ಆಮೇಲೆ. ಹುಟ್ಟುಹಬ್ಬದ ಶುಭಾಶಯ ಕೋರುವವರು, ಕೋರಿಸಿಕೊಳ್ಳುವವರು, ಮುಂದಿನ ಚುನಾವಣೆಗೆ ಈಗಲೇ ಕೈಮುಗಿದು ನಿಂತವರು, ಇವರೆಲ್ಲರ ಸಂದಿಯಲ್ಲಿ ಎಲ್ಲೋ ಒಂದು ಹಲ್ಲುಚಕ್ರ ಕಾಣುತ್ತದೆ. 24 ಹಲ್ಲು, 6 ಕಡ್ಡಿ. ಅದು ರೋಟರಿಯವರ ಗುರುತು. ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಈ ಚಕ್ರ ತಪ್ಪುವುದಿಲ್ಲ. ಹಾಗಾಗಿ ನಾನಿಲ್ಲಿ ಹೇಳುವ ರೋಟರಿಯವರು ಇಂಥದೇ ಒಂದು ಕ್ಲಬ್ಬಿನವರು ಅಂತ ತಿಳಿಯಬೇಡಿ. ಪುತ್ತೂರಿನವರೋ ಅರಸೀಕೆರೆಯವರೋ ಓದಿ ‘ಇದು ನಮ್ಮೂರಿನದೇ’ ಎಂದುಕೊಂಡರೆ ನನಗೆ ಸಂತೋಷವೇ.

ರೋಟರಿಯವರನ್ನು ನೋಡಿ ನಗುವುದು ಬಹಳ ಸುಲಭ. ನಾನೂ ಸಾಕಷ್ಟು ನಕ್ಕಿದ್ದೇನೆ. ಇವರ ಹೊಸ ವರ್ಷ ಜುಲೈ 1ಕ್ಕೆ. ಆ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ, ಆಷಾಢ ಕಾಲಿಟ್ಟಿರುತ್ತದೆ ಅಥವಾ ಬಾಗಿಲಲ್ಲೇ ಇರುತ್ತದೆ. ಯಾರೂ ಮದುವೆ ಮಾಡುವುದಿಲ್ಲ, ಗೃಹಪ್ರವೇಶವಿಲ್ಲ. ಕಲ್ಯಾಣ ಮಂಟಪಗಳೆಲ್ಲ ಬಾಗಿಲು ಹಾಕಿ ಕೂತಿರುವಾಗ ರೋಟರಿಯವರ ಪದಗ್ರಹಣ! ಪಂಚಾಂಗ ನೋಡದ ಈ ಧೈರ್ಯವನ್ನು ಮೆಚ್ಚಬೇಕೋ, ಆಷಾಢದಲ್ಲಿ ಛತ್ರ ಅಗ್ಗಕ್ಕೆ ಸಿಗುತ್ತದೆ ಎಂಬ ವ್ಯವಹಾರ ಜ್ಞಾನವನ್ನು ಮೆಚ್ಚಬೇಕೋ ತಿಳಿಯದು. ಹಳೆಯ ಅಧ್ಯಕ್ಷರು ಕೊರಳ ಪದಕದ ಸರ ತೆಗೆದು ಹೊಸಬರಿಗೆ ಹಾಕುತ್ತಾರೆ. ಆ ಕ್ಷಣದಿಂದ ಅವರು ‘ನಿಕಟಪೂರ್ವ’ರಾಗುತ್ತಾರೆ. ಹೊರಗೆ ಹೆಂಚಿನ ಮೇಲೆ ಸುರಿಯುವ ಮಳೆಗೆ ಪ್ರಾಸ್ತಾವಿಕ ನುಡಿ ಕೇಳಿಸುವುದಿಲ್ಲ, ಯಾರೂ ಅದಕ್ಕಾಗಿ ಬೇಸರಪಡುವುದೂ ಇಲ್ಲ. ಮಾರನೆಯ ವಾರ ವನಮಹೋತ್ಸವ. ಒಂದು ಸಸಿ, ಅದನ್ನು ಹಿಡಿದ ಹತ್ತಿಪ್ಪತ್ತು ಕೈ, ಎದುರಿಗೆ ಫೋಟೋದವ. ಸಸಿಗೆ ನೀರು ಹಾಕುವ ಹೊಣೆ ಮಳೆರಾಯನದು.

ಇನ್ನು ಹೆಸರಿನ ಹಿಂದಿನ ‘ರೊ.’, ಅಂದರೆ ರೊಟೇರಿಯನ್. ಡಾಕ್ಟರಾಗದವರಿಗೂ ಹೆಸರಿನ ಹಿಂದೆ ಒಂದು ಅಕ್ಷರ, ಒಂದು ಚುಕ್ಕೆ ಸಿಗುವುದು ಸಣ್ಣ ಸುಖವಲ್ಲ. ಮಗಳ ಮದುವೆಯ ಕರೆಯೋಲೆಯಲ್ಲೂ ಅದು ಅಚ್ಚಾಗುತ್ತದೆ. ಸಭೆಗೆ ಹೋದರೆ ಗಂಟೆ ಬಾರಿಸಿ ಶುರು, ಗಂಟೆ ಬಾರಿಸಿ ಮುಕ್ತಾಯ. ನಡುವೆ ಹುಟ್ಟುಹಬ್ಬದವರಿಗೆ, ಮದುವೆಯ ವಾರ್ಷಿಕದವರಿಗೆ ಚಪ್ಪಾಳೆ, ಕಾರ್ಯದರ್ಶಿಯ ವರದಿ, ಅತಿಥಿಯ ಪರಿಚಯ. ಪರಿಚಯ ಅತಿಥಿಯ ಭಾಷಣಕ್ಕಿಂತ ಉದ್ದ. ಕೊನೆಗೆ ಫೆಲೋಶಿಪ್, ಅಂದರೆ ಊಟ.

1905ರ ಫೆಬ್ರುವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರನ್ನು ಸೇರಿಸಿ ಇದನ್ನು ಶುರು ಮಾಡಿದಾಗ ಜೊತೆಗಿದ್ದವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರು, ಒಬ್ಬ ದರ್ಜಿ. ನಮ್ಮ ಕಡೆ ಅದೇ ಪಟ್ಟಿ ಅಡಿಕೆ ಮಂಡಿಯವರು, ಮೆಡಿಕಲ್ ಶಾಪಿನವರು, ಹಲ್ಲಿನ ಡಾಕ್ಟರು, ಎಲ್ಐಸಿಯವರು ಎಂದಾಗುತ್ತದೆ. ಆ ಶಿಕಾಗೋದವರು ಸ್ನೇಹಕ್ಕೆ, ವ್ಯಾಪಾರಕ್ಕೆ ಸೇರಿ, ಆಮೇಲೆ ಊರಿಗೂ ಏನಾದರೂ ಮಾಡೋಣ ಎಂದುಕೊಂಡು ಕೈಹಾಕಿದ ಮೊದಮೊದಲ ಕೆಲಸ ಯಾವುದು ಗೊತ್ತೆ? ಊರ ನಡುವೆ ಒಂದು ಸಾರ್ವಜನಿಕ ಶೌಚಾಲಯ. ಕಕ್ಕಸಿನಿಂದ ಸೇವೆ ಶುರುಮಾಡಿದವರು ಮುಂದೆ ಮಲದ ಮೂಲಕ ಹರಡುವ ಪೋಲಿಯೊ ರೋಗದ ಬೆನ್ನುಹತ್ತಿದ್ದು ಸರಿಯಾಗಿಯೇ ಇದೆ.

ಆ ರೋಗದ ಗುರುತು ನಮ್ಮ ತಲೆಮಾರಿಗೆ ವಿವರಿಸಿ ಹೇಳಬೇಕಿಲ್ಲ. ಪ್ರತಿ ಶಾಲೆಯಲ್ಲೂ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಿದ್ದರು. ಒಂದು ಕಾಲು ಸಣಕಲು, ಅದಕ್ಕೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು. ಆಟದ ಪಿರಿಯಡ್ಡಿನಲ್ಲಿ ಉಳಿದವರ ಚೀಲ, ವಾಚು ಕಾಯುವ ಕೆಲಸ ಅವರದು. ಮೇಷ್ಟರು ಕೂಡ ಹೆಸರಿನ ಬದಲು ಆ ಕಾಲಿನಿಂದಲೇ ಕರೆಯುತ್ತಿದ್ದ ಕಾಲ ಅದು. ಈಗಿನ ಹೈಸ್ಕೂಲು ಮಕ್ಕಳಿಗೆ ಆ ಕಬ್ಬಿಣದ ಪಟ್ಟಿ ಏನೆಂದೇ ಗೊತ್ತಿಲ್ಲ. ಹೇಳಿದರೆ ಯಾವುದೋ ಹಳೇ ಸಿನಿಮಾದ ಕಥೆ ಕೇಳಿದಂತೆ ಕೇಳುತ್ತಾರೆ.

ರೋಟರಿ 1979ರಲ್ಲಿ ಫಿಲಿಪ್ಪೀನ್ಸಿನ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಲು ಹಣ ಕೊಟ್ಟಿತು. 1985ರಲ್ಲಿ ‘ಪೋಲಿಯೊ ಪ್ಲಸ್’ ಎಂದು ಹೆಸರಿಟ್ಟುಕೊಂಡು, ಇಡೀ ಭೂಮಿಯ ಮೇಲಿಂದಲೇ ಈ ರೋಗವನ್ನು ಓಡಿಸುವುದಾಗಿ ಹೊರಟಿತು. 12 ಕೋಟಿ ಡಾಲರ್ ಎತ್ತುವ ಗುರಿ ಇಟ್ಟುಕೊಂಡವರು ಮೂರು ವರ್ಷಕ್ಕೆ 24 ಕೋಟಿ 70 ಲಕ್ಷ ಎತ್ತಿದರು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಲ್ಲ ಸೇರಿ ಜಾಗತಿಕ ಕಾರ್ಯಕ್ರಮ ಶುರುವಾದ 1988ರಲ್ಲಿ 125 ದೇಶಗಳಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಕೈಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಿದ್ದರು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಬಂದದ್ದು 1995ರಲ್ಲಿ. ಆಮೇಲಿನ ವರ್ಷಗಳಲ್ಲಿ ಒಂದೊಂದು ಸುತ್ತಿಗೆ ಸುಮಾರು 17 ಕೋಟಿ ಮಕ್ಕಳು, ಇಪ್ಪತ್ತು ಲಕ್ಷಕ್ಕೂ ಮೀರಿದ ಲಸಿಕೆ ಹಾಕುವವರು. ಇಷ್ಟು ಜನರನ್ನು ಒಂದೇ ಭಾನುವಾರ ಹೊರಗೆ ತರುವುದು ಚುನಾವಣಾ ಆಯೋಗಕ್ಕೆ ಬಿಟ್ಟರೆ ಇನ್ಯಾರಿಗೂ ಬಾರದು.

ಆ ಭಾನುವಾರದ ಸಾಗರವನ್ನು ನೋಡಬೇಕು. ಎಂಟು ಗಂಟೆಗೇ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮೇಜು, ರೈಲ್ವೆ ಸ್ಟೇಷನ್ನಿನಲ್ಲಿ ಒಂದು, ಪ್ರತಿ ಅಂಗನವಾಡಿಯ ಜಗಲಿಯಲ್ಲೂ ಒಂದು. ಮೇಜಿನ ಮೇಲೆ ನೀಲಿ ಡಬ್ಬಿ, ಒಳಗೆ ಹಿಮದ ಪೊಟ್ಟಣಗಳ ನಡುವೆ ಬೆರಳುದ್ದದ ಸೀಸೆ. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಬಿಳಿಯ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ಸುತ್ತಲಿನ ವೃತ್ತದ ಬಣ್ಣಕ್ಕೆ ಅದು ತಿರುಗಿದರೆ ಲಸಿಕೆ ಕೆಟ್ಟಿತು ಅಂತ, ಸಿಸ್ಟರು ಆ ಸೀಸೆ ಎತ್ತಿಡುತ್ತಾರೆ. ಓದು ಬಾರದವರಿಗೂ ತಿಳಿಯುವ ಇಷ್ಟು ಸಣ್ಣ ಚಿತ್ರ ಕಂಡುಹಿಡಿದವರಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಹಾಕುತ್ತೇನೆ. ಎರಡು ಹನಿ ಬಾಯಿಗೆ, ಎಡಗೈ ಕಿರುಬೆರಳಿಗೆ ಒಂದು ಗುರುತು. ಮಗು ಅಳುತ್ತದೆ, ಆಮೇಲೆ ಬೆರಳು ನೋಡಿಕೊಂಡು ಸುಮ್ಮನಾಗುತ್ತದೆ. ಮತ ಹಾಕಿ ಬಂದ ಅಜ್ಜನಷ್ಟೇ ಗಂಭೀರ ಅದರ ಮುಖ.

ಹನಿ ಹಾಕುವವರು ಆರೋಗ್ಯ ಇಲಾಖೆಯ ಸಿಸ್ಟರು, ಅಂಗನವಾಡಿಯವರು, ಆಶಾ ಅಕ್ಕಂದಿರು. ಹಾಗಾದರೆ ರೋಟರಿಯವರದು ಏನು? ಬ್ಯಾನರು, ಹಳದಿ ಟೋಪಿ, ಮೈಕು ಕಟ್ಟಿದ ಆಟೊ, ಮಧ್ಯಾಹ್ನದ ಚಿತ್ರಾನ್ನದ ಪೊಟ್ಟಣ, ದೂರದ ಹಳ್ಳಿಗೆ ಒಂದು ಜೀಪು. ಮೇಲ್ನೋಟಕ್ಕೆ ಇಷ್ಟೇ, ಉದ್ಘಾಟನೆಯ ಫೋಟೋದಲ್ಲಿ ಸಿಸ್ಟರು ಅಂಚಿಗೆ ಸರಿದು ಇವರು ನಡುವೆ ಇರುತ್ತಾರೆ, ಅದೂ ನಿಜ. ಆದರೆ ಫೋಟೋ ತೆಗೆಸಿಕೊಂಡ ಮೇಲೂ ಅವರಲ್ಲಿ ನಾಲ್ಕೈದು ಜನ ಅಲ್ಲೇ ಉಳಿಯುತ್ತಾರೆ, ಮುಂದಿನ ವರ್ಷವೂ ಅವರೇ ಬರುತ್ತಾರೆ. ನನ್ನ ಗಮನ ಸೆಳೆದದ್ದು ಈ ನಾಲ್ಕೈದು ಜನ.

ಸಾಗರದ ಭೂಗೋಳವೂ ಸುಲಭದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಶರಾವತಿಯನ್ನು ನಿಲ್ಲಿಸಿದ ಮೇಲೆ ತಾಲ್ಲೂಕು ಎರಡು ಹೋಳಾಯಿತು. ನೀರಿನ ಆಚೆ ತುಮರಿ, ಸಿಗಂದೂರು, ಗುಡ್ಡಕ್ಕೊಂದು ಮನೆಯಂಥ ಹಳ್ಳಿಗಳು. ಹೊಳೆಬಾಗಿಲಿನ ಲಾಂಚಿನಲ್ಲಿ ಬಸ್ಸು, ಜೀಪು, ಚೌಡೇಶ್ವರಿಯ ಭಕ್ತರು, ಅಡಿಕೆ ಮೂಟೆಗಳ ನಡುವೆ ಆ ನೀಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಹೆಣ್ಣುಮಗಳನ್ನು ನಾನು ನೋಡಿದ್ದೇನೆ. ಬಿಸಿಲು ಬೀಳದಂತೆ ಸೆರಗು ಮುಚ್ಚಿದ್ದಳು. ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ, ಸುತ್ತಿ ಬರುವ ದಾರಿ ಬಲು ದೂರ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆಯಾಯಿತು, ಈಗ ಡಬ್ಬಿ ನಿಮಿಷಗಳಲ್ಲಿ ಆಚೆ ದಡ ಸೇರುತ್ತದೆ. ಆದರೆ ದೇಶದಿಂದ ಪೋಲಿಯೊ ಹೋದದ್ದು ಸೇತುವೆ ಬರುವ ಮೊದಲು.

ಈ ವೈರಸ್ಸಿನ ಕುತಂತ್ರವೇ ಬೇರೆ. ಸೋಂಕು ತಗಲಿದ ಇನ್ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾತ್ರ ಪಾರ್ಶ್ವವಾಯು. ಉಳಿದವರು ಆಡಿಕೊಂಡಿರುತ್ತಾರೆ, ಆಡುತ್ತಲೇ ಹಂಚುತ್ತಾರೆ. ಒಂದು ಕಾಲು ಕುಂಟಿತು ಎನ್ನುವಾಗ ವೈರಸ್ಸು ಊರು ದಾಟಿರುತ್ತದೆ. ಅದಕ್ಕೇ ಆರೋಗ್ಯವಾಗಿರುವ ಮಗುವಿಗೂ, ಹೋದ ಸಲ ಹಾಕಿಸಿಕೊಂಡ ಮಗುವಿಗೂ ಮತ್ತೆ ಮತ್ತೆ ಹನಿ. ಅದಕ್ಕೇ ಸೋಮವಾರದಿಂದ ಮನೆ ಮನೆ ತಿರುಗಾಟ. ಎಲ್ಲ ಮಕ್ಕಳಿಗೂ ಆಗಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ‘ಪಿ’, ಒಂದು ಮಗು ತಪ್ಪಿದ್ದರೂ ‘ಎಕ್ಸ್’. ಎಕ್ಸ್ ಮನೆಗೆ ಮರುದಿನ ಮತ್ತೆ. ಅಜ್ಜಿಯ ಮನೆಗೆ ಹೋಗಿದ್ದಾನೆ ಎಂದರೆ ಅಜ್ಜಿಯ ಮನೆ ಎಲ್ಲಿ ಎಂಬ ಪ್ರಶ್ನೆ. ‘ಎಷ್ಟು ಸಲ ಹಾಕ್ತೀರಿ ಮಾರಾಯ್ರೆ’ ಎನ್ನುವ ಗೃಹಿಣಿಗೆ ಅದೇ ಉತ್ತರ, ಅದೇ ನಗು.

ಇಲ್ಲಿಯೇ ನನಗೆ ರೋಟರಿಯವರ ಸ್ವಭಾವ ಅರ್ಥವಾದದ್ದು. ಬೇಸರವಿಲ್ಲದೆ ಮಾಡಿದ್ದನ್ನೇ ಮಾಡುವುದು ಇವರಿಗೆ ಸಭೆಗಳಿಂದ ಬಂದ ಅಭ್ಯಾಸ. ಹಾಜರಿ ಪುಸ್ತಕ, ವರದಿ, ನಡವಳಿ, ಮುಂದಿನ ವರ್ಷಕ್ಕೆ ಹೊಸ ಅಧ್ಯಕ್ಷ, ಹಳೆಯ ಗುರಿ. ನಾವು ನಕ್ಕ ಆ ಗಂಟೆ, ರೋಟರಿ ಜಿಲ್ಲಾ ಗವರ್ನರ್ ಭೇಟಿ, ಫೈಲು, ಎಲ್ಲವೂ ಪೋಲಿಯೊದಂಥ ರೋಗಕ್ಕೆ ಬೇಕಾದ ಗುಣಗಳೇ. ಕ್ರಾಂತಿಕಾರಿಗಳ ಕೈಗೆ ಈ ಕೆಲಸ ಕೊಟ್ಟಿದ್ದರೆ ಮೂರನೇ ವರ್ಷಕ್ಕೆ ಬೇರೆ ಕ್ರಾಂತಿ ಹುಡುಕಿಕೊಂಡು ಹೋಗುತ್ತಿದ್ದರು. 2009ರಲ್ಲಿ ಭಾರತದಲ್ಲಿ 741 ಪ್ರಕರಣ, ಜಗತ್ತಿನ ಅರ್ಧದಷ್ಟು. ಹದಿನಾಲ್ಕು ವರ್ಷ ಹನಿ ಹಾಕಿ ಇಷ್ಟೇನಾ ಎಂದು ಕೈಚೆಲ್ಲಬಹುದಾಗಿತ್ತು. ಯಾರೂ ಚೆಲ್ಲಲಿಲ್ಲ. ಉತ್ತರ ಪ್ರದೇಶದಲ್ಲಿ ಅನುಮಾನದ ಬಾಗಿಲುಗಳನ್ನು ತೆರೆಸಲು ರೋಟರಿ ಮುಸ್ಲಿಂ ಧರ್ಮಗುರುಗಳ ಸಮಿತಿಯನ್ನೇ ಕಟ್ಟಿತು. ಮರುವರ್ಷ ಪ್ರಕರಣ 42. ಹೌರಾದಲ್ಲಿ 2011ರ ಜನವರಿ 13ರಂದು ಕಾಣಿಸಿದ್ದೇ ಕೊನೆಯದು. 2014ರ ಮಾರ್ಚ್ 27ರಂದು ನಮ್ಮ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಲಸಿಕೆಯ ಬೆಲೆ ನಮ್ಮ ಸೀಮೆಯವರಿಗೆ ಬೇರೆ ರೀತಿಯಲ್ಲೂ ಗೊತ್ತು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಹೆಸರು ಪಡೆದ ಮಂಗನ ಕಾಯಿಲೆ 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಜೀವ ತೆಗೆಯಿತು. ಅದಕ್ಕೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲ ಕೊಡದೆ ಕೊನೆಗೆ ನಿಂತೇ ಹೋಯಿತು. ಒಳ್ಳೆಯ ಲಸಿಕೆ ಇಲ್ಲದ ರೋಗ ಹೇಗಿರುತ್ತದೆಂದು ತೋಟಕ್ಕೆ ಹೋಗಲು ಹೆದರಿದವರನ್ನು ಕೇಳಬೇಕು.

ರೋಟರಿಯವರು ಹುಡುಗರಿಗಾಗಿ ನಡೆಸುವ ಕ್ಲಬ್ಬುಗಳ ಮಾತು ಬಿಟ್ಟೇಹೋಗಿತ್ತು. ಹೈಸ್ಕೂಲಿನವರಿಗೆ ಇಂಟರ‍್ಯಾಕ್ಟ್, ಅದು 1962ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಹುಟ್ಟಿದ್ದು. ಅದರ ಹಿಂದೆಯೇ ನಮ್ಮ ಪಕ್ಕದ ರಾಜ್ಯದ ತಂಜಾವೂರಿಗೂ ಬಂತು. ಹದಿನೆಂಟು ದಾಟಿದವರಿಗೆ 1968ರಿಂದ ರೋಟರ‍್ಯಾಕ್ಟ್. ನಾಯಕತ್ವ ಶಿಬಿರಕ್ಕೆ ರೈಲಾ ಎಂದು ಹೆಸರು, ರೈಲಿಗೂ ಅದಕ್ಕೂ ಸಂಬಂಧವಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ‘ಪರೀಕ್ಷೆ ಎದುರಿಸುವುದು ಹೇಗೆ’ ಎಂಬ ಉಪನ್ಯಾಸ ಏರ್ಪಡಿಸುವುದು ಇವರಿಗೆ ಬಲು ಇಷ್ಟ. ಮಕ್ಕಳು ಎದುರಿಸಬೇಕಾದ ಮೊದಲ ಪರೀಕ್ಷೆ ಆ ಉಪನ್ಯಾಸವೇ. ಶಾಲೆಯ ಗೋಡೆಗೆ ನಾಲ್ಕು ಪ್ರಶ್ನೆಗಳ ಫಲಕವನ್ನೂ ಹಾಕಿಸುತ್ತಾರೆ. ಹರ್ಬರ್ಟ್ ಟೇಲರ್ ಎಂಬಾತ 1932ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ತನ್ನ ಪಾತ್ರೆ ಕಂಪನಿಯನ್ನು ಉಳಿಸಿಕೊಳ್ಳಲು ಬರೆದ ಪ್ರಶ್ನೆಗಳವು. ನಾವಾಡುವ ಮಾತು ನಿಜವೇ, ಎಲ್ಲರಿಗೂ ನ್ಯಾಯವೇ ಎಂಬ ಧಾಟಿಯವು. ಅವನ್ನು ನಮ್ಮ ಫ್ಲೆಕ್ಸುಗಳ ಪಕ್ಕದಲ್ಲೂ ತೂಗುಹಾಕಿದರೆ ಚೆನ್ನ.

ಆದರೆ ಪೋಲಿಯೊ ಭಾನುವಾರದ ಹಿಂದಿನ ದಿನದ ಜಾಥಾಕ್ಕೆ ಇದೇ ಮಕ್ಕಳು ಬೇಕು. ಮಾರ್ಕೆಟ್ ರಸ್ತೆಯಲ್ಲಿ ಘೋಷಣೆ ಕೂಗುತ್ತ ಹೋಗುವಾಗ ಹಿಂದಿನ ಸಾಲಿನವರು ಐಸ್‌ಕ್ಯಾಂಡಿಗೆ ಜಾರಿಕೊಳ್ಳುತ್ತಾರೆ, ಮೇಷ್ಟರು ನೋಡಿಯೂ ನೋಡದಂತಿರುತ್ತಾರೆ. ಯಾವ ಬೀದಿಯಲ್ಲಿ ಹೊಸ ಬಾಣಂತಿ ಇದ್ದಾಳೆ, ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡಿನಲ್ಲಿ ಎಷ್ಟು ಮಕ್ಕಳು, ಜಾತ್ರೆಗೆ ಬಂದ ಬಲೂನಿನವಳ ಕೂಸು ಎಲ್ಲಿದೆ ಎಂಬುದು ಪಟ್ಟಿಗಿಂತ ಮೊದಲು ಈ ಹುಡುಗರಿಗೆ ಗೊತ್ತು. ಊರು ಬದಲಿಸುವ ಕೂಲಿಯವರ ಮಕ್ಕಳೇ ಪಟ್ಟಿಯಿಂದ ತಪ್ಪಿಹೋಗುವವರು. ಅವರನ್ನು ಹುಡುಕಿ ಕೊಡುವ ಹುಡುಗನಿಗೆ ನಾಯಕತ್ವ ಶಿಬಿರದ ಸರ್ಟಿಫಿಕೇಟನ್ನು ಹಾಗೆಯೇ ಕೊಟ್ಟುಬಿಡಬಹುದು. ಕ್ಲಬ್ಬಿನವರು ಭಾಷಣ ಕಡಿಮೆ ಮಾಡಿ ಇಂಥ ಕೆಲಸಕ್ಕೆ ಹುಡುಗರನ್ನು ಹೆಚ್ಚು ಹಚ್ಚಬೇಕು ಎಂಬುದು ನನ್ನ ಅಭಿಪ್ರಾಯ. ಯಾರೂ ಕೇಳಿಲ್ಲ, ಆದರೂ ಹೇಳಿದ್ದೇನೆ.

ಪೋಲಿಯೊ ನಮ್ಮಲ್ಲಿಲ್ಲ, ಇನ್ನೇಕೆ ಹನಿ ಎಂಬ ಪ್ರಶ್ನೆ ಈಗೀಗ ಅಂಗಡಿ ಕಟ್ಟೆಗಳಲ್ಲಿ ಕೇಳಿಬರುತ್ತದೆ. ಪೋಲಿಯೊದ ಮೂಲ ವೈರಸ್ಸು ಪಾಕಿಸ್ತಾನದಲ್ಲಿ, ಅಫ್ಗಾನಿಸ್ತಾನದಲ್ಲಿ ಇನ್ನೂ ಓಡಾಡಿಕೊಂಡಿದೆ. 2024ರಲ್ಲಿ ಮೇಘಾಲಯದ ಒಂದು ಮಗುವಿನಲ್ಲಿ ಲಸಿಕೆಯ ವೈರಸ್ಸೇ ರೂಪ ಬದಲಿಸಿ ಕಾಣಿಸಿತು. ಲಸಿಕೆ ಸರಿಯಾಗಿ ತಲುಪದ ಕಡೆಯೇ ಅದಕ್ಕೆ ಬೇರೂರಲು ಜಾಗ ಸಿಗುವುದು. ನಿಮ್ಮ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ, ಹಿಂದೆ ಎಷ್ಟೇ ಸಲ ಹಾಕಿಸಿದ್ದರೂ, ಮುಂದಿನ ಪೋಲಿಯೊ ಭಾನುವಾರ ಬೂತಿಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಮಗು ಇಲ್ಲದವರೂ ಹೋಗಬಹುದು. ಮಧ್ಯಾಹ್ನ ಒಂದು ಗಂಟೆ ಅಲ್ಲಿ ಕೂತರೆ ಅಂಗನವಾಡಿ ಅಕ್ಕ ಊಟ ಮಾಡಿ ಬರುತ್ತಾಳೆ. ಹನಿ ಸಿಸ್ಟರೇ ಹಾಕಲಿ, ಕಿರುಬೆರಳಿಗೆ ಗುರುತು ಹಾಕಲು ನಿಮಗೂ ಬರುತ್ತದೆ.