ದೆವ್ವಕ್ಕೆ ಯಾವ ಲಿಪಿ ಬರುತ್ತದೆ?

ಹಬ್ಬದ ಮರುದಿನ ರಾತ್ರಿ ನಮ್ಮ ತವರು ಮನೆಯಲ್ಲಿ ಸಿನಿಮಾ ನೋಡುವುದು ಈಗೀಗ ರೂಢಿಯಾಗಿಬಿಟ್ಟಿದೆ. ಮಕ್ಕಳು ಮಲಗಿದ ಮೇಲೆ ದೊಡ್ಡವರೆಲ್ಲ ಚಾಪೆ ಹಾಸಿಕೊಂಡು ಟಿವಿ ಮುಂದೆ ಕೂರುತ್ತೇವೆ. ಕಳೆದ ಸಲ ಚಿತ್ರ ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಕಥೆ ಬರೆಯುವವಳು ಎಂಬ ಒಂದೇ ಕಾರಣಕ್ಕೆ ಇಂಥ ಶಿಕ್ಷೆಗಳು ನನಗೆ ಆಗಾಗ ಸಿಗುತ್ತವೆ. "ಹೆದರಬೇಕು, ನಗಲೂಬೇಕು. ಆದರೆ ಮಕ್ಕಳಾಟದ ಭೂತ ಬೇಡ ಆಪಾ" ಎಂದ ತಮ್ಮ. ನಾನು ಹೆಚ್ಚು ಯೋಚಿಸದೆ 'ಸ್ತ್ರೀ' ಎಂದುಬಿಟ್ಟೆ. ಹೇಳಿದ ಮೇಲೆ, ಗೋಡೆಗೊರಗಿ ತಸ್ಬೀಹ್ ಎಣಿಸುತ್ತಾ ಕುಳಿತಿದ್ದ ಫುಪ್ಪು ಕಣ್ಣಿಗೆ ಬಿದ್ದರು. ಎದೆ ಧಸಕ್ಕೆಂದಿತು.

ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1990ರ ದಶಕದಲ್ಲಿ 'ನಾಳೆ ಬಾ' ಎಂಬ ಸುದ್ದಿ ಹಬ್ಬಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕೂಗಿ ಬಾಗಿಲು ತಟ್ಟುತ್ತದೆ, ತೆರೆದರೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಅದನ್ನು ಓದಿ ತೆಪ್ಪಗೆ ಹಿಂತಿರುಗುತ್ತದೆ. ಮರುದಿನ ಬಂದರೂ ಅದೇ ಬರಹ, ಅದೇ ವಾಪಸಾತಿ. ಇಷ್ಟು ವಿಧೇಯ ದೆವ್ವ ಬೇರೆಲ್ಲಿಯಾದರೂ ಉಂಟೇ?

ನಮ್ಮ ಓಣಿಯ ಮಕ್ಕಳೆಲ್ಲ ಉರ್ದು ಶಾಲೆಗೆ ಹೋಗುತ್ತಿದ್ದರು. ನಾಲ್ಕನೆಯ ತರಗತಿ ಮುಗಿಸಿ ಕನ್ನಡ ಶಾಲೆ ಸೇರಿದ್ದವಳು ನಾನೊಬ್ಬಳೇ. ಹಾಗಾಗಿ ಸುಣ್ಣದ ಕಡ್ಡಿ ಹಿಡಿದು ಹದಿನಾಲ್ಕು ಬಾಗಿಲುಗಳ ಮೇಲೆ ಬರೆದೆ. ದಾದಿ ಮಾತ್ರ ತಕರಾರು ತೆಗೆದರು. "ಉರ್ದು ಓಣಿಗೆ ಬರೋಳು ಕನ್ನಡ ಓದ್ತಾಳಾ?" ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ಹುರುಳಿತ್ತು. ಕೊನೆಗೆ ನಮ್ಮ ಬಾಗಿಲಿಗೆ ಎಡದಿಂದ ಬಲಕ್ಕೆ ಒಂದು, ಬಲದಿಂದ ಎಡಕ್ಕೆ ಇನ್ನೊಂದು, ಎರಡು ಲಿಪಿಗಳ ರಕ್ಷಣೆ ಸಿಕ್ಕಿತು.

ಮುಂದೆ ಅಮರ್ ಕೌಶಿಕ್ ನಿರ್ದೇಶನದ 'ಸ್ತ್ರೀ' 2018ರಲ್ಲಿ ಬಂದಾಗ ನಾನು ಚಿತ್ರಮಂದಿರದಲ್ಲಿ ಒಬ್ಬಳೇ ಕೂತು ನಕ್ಕಿದ್ದು ಅದಕ್ಕೇ. ಗೋಡೆಗಳ ಮೇಲೆ ಅದೇ ಬರಹ. ಊರು ಮಾತ್ರ ಮಧ್ಯಪ್ರದೇಶದ ಚಂದೇರಿ, ಭಾಷೆ ಹಿಂದಿ. ನಮ್ಮ 'ನಾಳೆ ಬಾ' ಕಥೆಯೇ ಚಿತ್ರದ ಬೀಜ ಎಂಬ ಮಾತು ಆಗ ಸಾಕಷ್ಟು ಚರ್ಚೆಯಾಗಿತ್ತು. ಆಂಧ್ರದ ಕಡೆ ಇದೇ ದೆವ್ವಕ್ಕೆ ತೆಲುಗಿನಲ್ಲಿ 'ಓ ಸ್ತ್ರೀ ರೇಪು ರಾ' ಎಂದು ಬರೆಯುತ್ತಿದ್ದರು. ಪಾಪ, ಅವಳು ಎಷ್ಟು ಲಿಪಿ ಕಲಿಯಬೇಕಾಯಿತೋ!

ಆ ಚಿತ್ರದಲ್ಲಿ ಹೆದರುವವರು ಗಂಡಸರು. ವರ್ಷಕ್ಕೊಮ್ಮೆ ನಾಲ್ಕು ರಾತ್ರಿ ಸ್ತ್ರೀ ಬಂದು ಗಂಡಸರನ್ನು ಹೊತ್ತೊಯ್ಯುತ್ತಾಳೆ, ಬಟ್ಟೆ ಮಾತ್ರ ಬಿದ್ದಿರುತ್ತದೆ. ಕತ್ತಲಾದ ಮೇಲೆ ಹೊರಗೆ ಹೋಗಬೇಡಿ ಎಂಬ ಬುದ್ಧಿವಾದ ಈಗ ಗಂಡುಮಕ್ಕಳಿಗೆ. ಹೊರಗೆ ಹೊರಟ ಹೆಂಡತಿಗೆ ಬೇಗ ಬಾ ಎಂದು ಅಂಗಲಾಚುವ ಗಂಡ, ಹೆಣ್ಣುಡುಗೆ ತೊಟ್ಟು ತಪ್ಪಿಸಿಕೊಳ್ಳುವ ಪುರುಷರು. ಕೂಗಿದಾಗ ತಿರುಗಿ ನೋಡಿದವನನ್ನಷ್ಟೇ ಅವಳು ಒಯ್ಯುತ್ತಾಳೆ. ಒಪ್ಪಿಗೆ ಕೇಳುವ ಈ ಸೌಜನ್ಯ ಊರಿನ ಗಂಡಸರಿಗಿಲ್ಲ ಎಂಬ ಮಾತನ್ನೂ ಚಿತ್ರ ನಗುತ್ತಲೇ ಹೇಳಿಬಿಡುತ್ತದೆ. ನಗು ಇಳಿಯುತ್ತಿದ್ದಂತೆ ಹಿಂದಿನ ಕಥೆ ಬರುತ್ತದೆ. ಊರೆಲ್ಲ ಆಸೆಪಟ್ಟ, ಒಬ್ಬನನ್ನಷ್ಟೇ ಪ್ರೀತಿಸಿದ ಗಣಿಕೆಯೊಬ್ಬಳನ್ನು ಆ ಊರೇ ಕೊಂದಿತ್ತು. ಕೊನೆಯಲ್ಲಿ, ನಾಳೆ ಬಾ ಎಂದಿದ್ದವರೇ ಕಾಪಾಡು ಎಂದು ಬರೆಯುತ್ತಾರೆ. 2024ರಲ್ಲಿ ಬಂದ ಎರಡನೆಯ ಭಾಗ ಹಣ ಬಾಚಿತು. ನನಗೆ ಅದರಲ್ಲಿ ಗದ್ದಲವೇ ಹೆಚ್ಚಾಗಿ ಕೇಳಿಸಿತು.

ಇನ್ನು ಫುಪ್ಪು ವಿಷಯ. 'ನಾಳೆ ಬಾ' ಗಲಾಟೆಯ ಮರುವರ್ಷವೇ ಅವರಿಗೆ ಮದುವೆಯಾಯಿತು. ಆರು ತಿಂಗಳಲ್ಲಿ "ಸಾಯಾ ಆಗಿದೆ" ಎಂದು ಗಂಡನ ಮನೆಯವರು ಹೇಳಿ ಕಳಿಸಿದರು. ಗುರುವಾರ ಸಂಜೆಯಾದರೆ ಅವರ ದನಿ ದಪ್ಪಗಾಗುತ್ತಿತ್ತು. ಕೂದಲು ಬಿಚ್ಚಿ, ಅತ್ತೆಯನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಒಮ್ಮೆ ಅಮ್ಮಿಯ ಜೊತೆ ಹೋಗಿದ್ದಾಗ ನಾನೇ ಕಂಡೆ. ಮೈಮೇಲೆ ಬಂದ ಜಿನ್ ಕೇಳಿದ್ದೇನು ಗೊತ್ತೇ? ಖೀಮಾ. ಅದೂ ಬಿಸಿಬಿಸಿಯಾಗಿ, ಮನೆಯವರೆಲ್ಲರಿಗಿಂತ ಮೊದಲು. ಉಳಿದ ದಿನಗಳಲ್ಲಿ ಪಾತ್ರೆಯ ತಳದ ಸಾರು ಉಣ್ಣುತ್ತಿದ್ದ ಸೊಸೆಗೆ ಆ ದಿನ ಗಂಡ ಕೈ ನಡುಗಿಸುತ್ತಾ ಖೀಮಾ ತಂದಿಟ್ಟ. ನಾವು ಮಕ್ಕಳು ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕೆವು.

ಆಮೇಲೆ ಬೇರೆ ಊರಿನ ಆಮಿಲ್ ಒಬ್ಬನನ್ನು ಕರೆಸಿದರು. ಮೆಣಸಿನಕಾಯಿ ಹೊಗೆ, ಬೆತ್ತ. ಜಿನ್‌ಗೆ ಬೀಳುತ್ತಿವೆ ಎಂದ ಏಟುಗಳ ಬಾಸುಂಡೆ ಮೂಡಿದ್ದು ಫುಪ್ಪುವಿನ ಬೆನ್ನ ಮೇಲೆ. ಅಬ್ಬಾ ಹೋಗಿ ಅವರನ್ನು ಕರೆತಂದರು. ತವರಿಗೆ ಬಂದ ಮೇಲೆ ಜಿನ್ ಒಮ್ಮೆಯೂ ಬರಲಿಲ್ಲ. ಖೀಮಾ ಕೇಳದೆಯೇ ಸಿಗುತ್ತಿತ್ತಲ್ಲ!

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಅಕ್ಕಪಕ್ಕದ ಹುಡುಗಿಯರ ಮುಂದೆ ಕೂದಲು ಬಿಚ್ಚಿ, ದನಿ ದಪ್ಪ ಮಾಡಿ "ಖೀಮಾ ಲಾವೋ" ಎಂದು ನಾನು ಅಭಿನಯಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಿರುಗಿದರೆ ಮೆಟ್ಟಿಲ ಮೇಲೆ ಫುಪ್ಪು, ಒಣಗಿಸಲು ತಂದ ಬಟ್ಟೆಯ ಬುಟ್ಟಿ ಸೊಂಟದ ಮೇಲೆ. ಏನೂ ಅನ್ನಲಿಲ್ಲ. ಒಂದೊಂದಾಗಿ ಬಟ್ಟೆ ಹರವಿ ಇಳಿದು ಹೋದರು.

ದೊಡ್ಡವಳಾದ ಮೇಲೆ ಇದನ್ನು ಕಥೆ ಮಾಡಿದೆ. ಪತ್ರಿಕೆಯವರು ಮೆಚ್ಚಿ ಅಚ್ಚುಹಾಕಿದರು. ಅದರಲ್ಲಿ ಕತ್ತಲಿತ್ತು, ಚೀತ್ಕಾರವಿತ್ತು, ಬೆತ್ತವಿತ್ತು. ಖೀಮಾ ಇರಲಿಲ್ಲ. ನಗು ಬಂದರೆ ದುಃಖದ ತೂಕ ಇಳಿಯುತ್ತದೆಂದು ಹೆದರಿ ತೆಗೆದುಹಾಕಿದ್ದೆ. ಆ ಕಥೆಯನ್ನು ಈಗ ಓದಲು ನನಗೆ ನಾಚಿಕೆಯಾಗುತ್ತದೆ.

ಹೀಗೆ ತೆಗೆದುಹಾಕದ ಚಿತ್ರಗಳೇ ನನ್ನ ಮಟ್ಟಿಗೆ ದೊಡ್ಡವರ ಚಿತ್ರಗಳು. ನಮ್ಮ ಕಾಲದ ರಾಮ್ಸೆ ಸಹೋದರರ ಸಿನಿಮಾಗಳಿಗೂ 'ವಯಸ್ಕರಿಗೆ ಮಾತ್ರ' ಎಂಬ ಚೀಟಿ ಇರುತ್ತಿತ್ತು. 1984ರ 'ಪುರಾನಾ ಮಂದಿರ್'ನಲ್ಲಿ ದೆವ್ವದ ಕಥೆ ಒಂದು ಕಡೆ ಓಡಿದರೆ ಜಗದೀಪ್‌ರ ಹಾಸ್ಯ ಇನ್ನೊಂದು ಕಡೆ. ಎರಡಕ್ಕೂ ಮಾತುಕತೆಯೇ ಇಲ್ಲ. 1981ರಲ್ಲಿ ಜಾನ್ ಲ್ಯಾಂಡಿಸ್ ಮಾಡಿದ 'ಆನ್ ಅಮೆರಿಕನ್ ವೆರ್‌ವುಲ್ಫ್ ಇನ್ ಲಂಡನ್' ನೋಡಿ. ತೋಳದ ಬಾಯಿಗೆ ಸಿಕ್ಕಿ ಸತ್ತ ಗೆಳೆಯ, ಆಸ್ಪತ್ರೆಯಲ್ಲಿರುವ ನಾಯಕನ ಬಳಿಗೆ ಹರಿದ ಕತ್ತಿನಲ್ಲೇ ಬಂದು ಮೊದಲು ಕೇಳುವುದು ಅವನ ತಟ್ಟೆಯ ಬ್ರೆಡ್ಡನ್ನು! ಬಂದಾಗಲೆಲ್ಲ ಇನ್ನಷ್ಟು ಕೊಳೆತಿರುತ್ತಾನೆ, ಹರಟೆ ಮಾತ್ರ ಹಳೆಯದೇ. ನೀನು ಸತ್ತರೇ ನನಗೆ ಬಿಡುಗಡೆ ಎಂಬುದನ್ನೂ ಅವನು ಹೇಳಲೇಬೇಕು. ಆ ಬ್ರೆಡ್ ಕಂಡಾಗ ನನಗೆ ಖೀಮಾ ನೆನಪಾಗಿ ಗಂಟಲು ಕಟ್ಟಿತ್ತು. ಎಡ್ಗರ್ ರೈಟ್‌ನ 'ಶಾನ್ ಆಫ್ ದ ಡೆಡ್' (2004) ಮುಕ್ಕಾಲು ಪಾಲು ನಗಿಸಿ, ಕೊನೆಗೆ ಮಗನ ಕೈಗೆ ಬಂದೂಕು ಕೊಟ್ಟು ಹೆಣಭೂತವಾದ ತಾಯಿಯ ಮುಂದೆ ನಿಲ್ಲಿಸುತ್ತದೆ.

ನಮ್ಮವರಿಗೆ ಹತ್ತಿರದ್ದು 'ಆಪ್ತಮಿತ್ರ'. ಫಾಝಿಲ್ 1993ರಲ್ಲಿ ಮಲಯಾಳಂನಲ್ಲಿ ಮಾಡಿದ 'ಮಣಿಚಿತ್ರತಾಳ್' 2004ರಲ್ಲಿ ಕನ್ನಡಕ್ಕೆ ಬಂದಾಗ ನಾಗವಲ್ಲಿಯಾದ ಸೌಂದರ್ಯ ಈ ಲೋಕದಲ್ಲಿರಲಿಲ್ಲ. ಏಪ್ರಿಲ್‌ನಲ್ಲಿ ವಿಮಾನ ಅಪಘಾತ, ಆಗಸ್ಟ್‌ನಲ್ಲಿ ಚಿತ್ರದ ಬಿಡುಗಡೆ. ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ಲಕ್ಷಾಂತರ ಜನರಿಗೆ ಹೇಳಿದ ಚಿತ್ರ ಅದು. ಆ ಋಣ ಸಣ್ಣದಲ್ಲ. ಆದರೆ ಗಂಗೆಗೆ ಏನು ಬೇಕಿತ್ತು ಎಂದು ಅಲ್ಲಿ ಯಾರೂ ಕೂತು ಕೇಳುವುದಿಲ್ಲ. ಉಪಾಯ ಹೂಡಿ ಗುಣಪಡಿಸುತ್ತಾರೆ, ಅಷ್ಟೆ. ನನ್ನದು ಸ್ವಲ್ಪ ಅತಿಯಾದ ತಕರಾರು ಎನಿಸಿದರೆ ಫುಪ್ಪುವಿನ ಕಾರಣಕ್ಕೆ ಕ್ಷಮಿಸಿ.

ಅಂದು ರಾತ್ರಿ ನಾನು ಪರದೆ ನೋಡಿದ್ದಕ್ಕಿಂತ ಫುಪ್ಪುವಿನ ಮುಖ ನೋಡಿದ್ದೇ ಹೆಚ್ಚು. ಗಂಡಸರು ಲಂಗ ತೊಟ್ಟು ಓಡುವಾಗ ತಸ್ಬೀಹ್ ನಿಂತಿತು. ಆಮೇಲೆ ಅವರ ಭುಜ ಕುಲುಕತೊಡಗಿತು. ಅವರಿಗೆ ಈಗ ಐವತ್ತರ ಮೇಲೆ. ಹಾಗೆ ನಕ್ಕಿದ್ದನ್ನು ನಾನು ಕಂಡಿದ್ದು ಕಡಿಮೆ. ಚಿತ್ರ ಮುಗಿದು ಎಲ್ಲರೂ ಎದ್ದ ಮೇಲೆ ಚಾಪೆ ಮಡಚುತ್ತಿದ್ದ ನನ್ನನ್ನು ಕರೆದು, "ನಿನ್ನ ಮಾಳಿಗೆ ಮೇಲಿನ ಆಟ ಇದಕ್ಕಿಂತ ಚೆನ್ನಾಗಿತ್ತು ಬೇಟಿ" ಎಂದರು. ನನ್ನ ಕೈ ಅಲ್ಲೇ ನಿಂತಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ಮಾತು ಹೊರಡಲಿಲ್ಲ.

"ಯಾವಾಗಲೂ ಹೆಂಗಸರ ಮೈಮೇಲೇ ಯಾಕೆ? ಗಂಡಸರ ಮೈಮೇಲೆ ಬರೋದು ಇಲ್ವಾ?" ಎಂದರು.

ಇದೆ ಎಂದೆ. 2025ರ ಕನ್ನಡ ಚಿತ್ರ 'ಸು ಫ್ರಮ್ ಸೋ'. ಕರಾವಳಿಯ ಹಳ್ಳಿಯೊಂದರಲ್ಲಿ ಅಶೋಕನೆಂಬ ಹುಡುಗ ಮುಜುಗರದಿಂದ ಪಾರಾಗಲು ಮೈಮೇಲೆ ಬಂದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆಂದು ಊರೇ ನಂಬಿಬಿಡುತ್ತದೆ. ಫುಪ್ಪುಗೆ ಇಷ್ಟು ಹೇಳಿದ್ದೇ ತಡ, ಕಣ್ಣು ಅರಳಿತು. ಮಾರನೆಯ ದಿನ ಅಸರ್ ನಮಾಜ್ ಮುಗಿಸಿ ತಾವೇ ಬಂದು ಟಿವಿ ಮುಂದೆ ಕುಳಿತರು.

"ಅವನಿಗೂ ಹೊಡೀತಾರಾ?"

"ನೀವೇ ನೋಡಿ" ಎಂದು ಟಿವಿ ಹಚ್ಚಿದೆ. ಅಡುಗೆಮನೆಯಲ್ಲಿ ಒಲೆಯ ಮೇಲೆ ಖೀಮಾ ಇತ್ತು. ಮೊದಲು ಒಂದು ತಟ್ಟೆ ಅವರಿಗೆ ತಂದುಕೊಟ್ಟು, ಪಕ್ಕದಲ್ಲಿ ಕುಳಿತೆ.