ಹಾಳೆಗೆ ಇಳಿಯದ ದನಿ

ನ್ಯೂಜೆರ್ಸಿ, ಅಣ್ಣನ ಮನೆ. ಏಪ್ರಿಲ್.

• ಅಣ್ಣನ ಮಗಳು ಶಾಲೆಯ ಜಾಝ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುತ್ತಾಳೆ. ಇವತ್ತು ಅವಳ ಚೀಲದಿಂದ ಹೊರಬಂದದ್ದು ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು, ಹಿಡಿ ಕಿತ್ತದ್ದು. ವಾದ್ಯದ ಬಾಯಿಗೆ ಅದನ್ನು ಮುಚ್ಚಿ ತೆರೆದಳು. ಯಾರೋ ಗೊಣಗಿದಂತೆ ಕೇಳಿಸಿತು! ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ನರ ಬ್ಯಾಂಡಿನಲ್ಲಿ ‘ಟ್ರಿಕಿ ಸ್ಯಾಮ್’ ನ್ಯಾಂಟನ್ ಇಪ್ಪತ್ತು ವರ್ಷ, 1926ರಿಂದ 1946ರಲ್ಲಿ ಸಾಯುವವರೆಗೆ, ಹೀಗೆ ಟ್ರಾಂಬೋನನ್ನು ಮಾತಾಡಿಸಿದರು.

• ಅವಳ ಹಾಳೆ ನೋಡಿದೆ. ಮುಚ್ಚುವುದಕ್ಕೆ ಕೂಡಿಸುವ ಚಿಹ್ನೆ, ತೆರೆಯುವುದಕ್ಕೆ ಸೊನ್ನೆ. ಇಷ್ಟರಲ್ಲಿ ಗೊಣಗುವ ಮನುಷ್ಯ ಎಲ್ಲಿದ್ದಾನೆ?

• ಮೇ ತಿಂಗಳಲ್ಲಿ ನ್ಯೂಯಾರ್ಕಿನ ‘ಜಾಝ್ ಅಟ್ ಲಿಂಕನ್ ಸೆಂಟರ್’ನಲ್ಲಿ ‘ಎಸೆನ್ಷಿಯಲಿ ಎಲಿಂಗ್ಟನ್’ ಉತ್ಸವ. ಹೈಸ್ಕೂಲು ಬ್ಯಾಂಡುಗಳ ಸ್ಪರ್ಧೆ, ಕಾರ್ಯಾಗಾರ, ಸಂಜೆ ಕಛೇರಿ. ಇವಳ ಬ್ಯಾಂಡೂ ಆಯ್ಕೆಯಾಗಿದೆ. ಆಯ್ಕೆಯಾದ ಶಾಲೆಗೆ ಉತ್ಸವಕ್ಕೆ ಮೊದಲೇ ಒಬ್ಬ ವೃತ್ತಿಪರ ಕಲಾವಿದ ಬಂದು ಪಾಠ ಹೇಳುತ್ತಾರೆ. ಮುಂದಿನ ಗುರುವಾರ ಬರುವವರಿದ್ದಾರೆ. ಎಲಿಂಗ್ಟನ್ನರ ಕೃತಿಗಳನ್ನು ಬರೆದ ಹಾಳೆಗಳು ಶಾಲೆಗಳಿಗೆ ಉಚಿತವಾಗಿ ಹೋಗುತ್ತವೆ. ಹಳೆಯ ಧ್ವನಿಮುದ್ರಿಕೆ ಕೇಳಿ ಕೇಳಿ ಸ್ವರ ಹಿಡಿದು ಬರೆದ ಡೇವಿಡ್ ಬರ್ಗರ್ ಅವರಂಥವರ ತಾಳ್ಮೆಯ ಫಲ ಅದು. ಹಾಳೆಯನ್ನೂ ಕಳಿಸಿ, ಮನುಷ್ಯನನ್ನೂ ಕಳಿಸುವುದೇಕೆ?

• ಒಂದು ಕಾರಣ ಸಿಕ್ಕಿತು. ಹಾಳೆಯಲ್ಲಿ ಅಕ್ಕಪಕ್ಕದ ಎರಡು ಸ್ವರ ಸಮ. ಊದುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಇದೇ ಸ್ವಿಂಗ್. ನಿಧಾನಲಯದಲ್ಲಿ ವ್ಯತ್ಯಾಸ ಹೆಚ್ಚು. ವೇಗ ಏರಿದಂತೆ ಎರಡೂ ಸಮಕ್ಕೆ ಹತ್ತಿರ. ಐದು ಸ್ಯಾಕ್ಸೋಫೋನಿನವರೂ ಒಂದೇ ಅಳತೆಯಲ್ಲಿ ಎಳೆಯಬೇಕು. “ನಡುವಿನಲ್ಲಿ ಕೂತವರ ಉಸಿರು ನೋಡ್ತೀವಿ ಚಿಕ್ಕಪ್ಪ” ಎಂದಳು.

• ಇನ್ನೊಂದು ಕಾರಣ: ಎಲಿಂಗ್ಟನ್ನರ ‘ಮೂಡ್ ಇಂಡಿಗೋ’, 1930. ಮೂರು ವಾದ್ಯ: ಟ್ರಂಪೆಟ್, ಟ್ರಾಂಬೋನ್, ಕ್ಲಾರಿನೆಟ್. ವಾಡಿಕೆಯಂತೆ ಕ್ಲಾರಿನೆಟ್ ಮೇಲಿರಬೇಕು, ಟ್ರಾಂಬೋನ್ ಕೆಳಗೆ. ಎಲಿಂಗ್ಟನ್ ಕ್ಲಾರಿನೆಟ್ಟನ್ನು ತಳಕ್ಕೆ ಇಳಿಸಿ, ಬಾಯಿ ಮುಚ್ಚಿದ ಟ್ರಾಂಬೋನನ್ನು ಎತ್ತರದಲ್ಲಿ ಟ್ರಂಪೆಟ್ಟಿನ ಮಗ್ಗುಲಿಗೆ ಕೂರಿಸಿದರು. ನಾಲ್ಕು ಸಲ ಕೇಳಿದೆ. ಯಾವುದು ಯಾವ ವಾದ್ಯವೆಂದು ಬಿಡಿಸಲಾಗಲಿಲ್ಲ. ಮೂರೂ ಸೇರಿ ಹೆಸರಿಲ್ಲದ ನಾಲ್ಕನೆಯದೊಂದು ಹುಟ್ಟಿದೆ.

• ಎಲಿಂಗ್ಟನ್ ವಾದ್ಯಕ್ಕೆ ಬರೆಯುತ್ತಿರಲಿಲ್ಲ, ಮನುಷ್ಯನಿಗೆ ಬರೆಯುತ್ತಿದ್ದರು. ‘ಕನ್ಸರ್ಟೋ ಫಾರ್ ಕೂಟೀ’, 1940: ಟ್ರಂಪೆಟ್ಟಿನ ಕೂಟೀ ವಿಲಿಯಮ್ಸರಿಗೆಂದೇ ಹೊಲಿದ ಅಂಗಿ. ಅದೇ ವರ್ಷ ಕೂಟೀ ಬ್ಯಾಂಡ್ ಬಿಟ್ಟರು. ಇವತ್ತು ಹದಿನಾರರ ಹುಡುಗ ಆ ಅಂಗಿ ತೊಡುತ್ತಾನೆ. ಕೂಟೀಯ ದನಿ ಅನುಕರಿಸಬೇಕೋ, ತನ್ನದನ್ನು ಹುಡುಕಬೇಕೋ?

• ಹಕ್ಕಿಯ ಪಾಡೂ ಇದೇ. 1963ರಲ್ಲಿ ಎಲಿಂಗ್ಟನ್ನರ ಬ್ಯಾಂಡ್ ಭಾರತಕ್ಕೆ ಬಂದಿತ್ತು. ದೆಹಲಿಯಲ್ಲಿ ಎಲಿಂಗ್ಟನ್ನರ ಜೊತೆ ಸಂಗೀತ ರಚಿಸುತ್ತಿದ್ದ ಬಿಲ್ಲಿ ಸ್ಟ್ರೇಹಾರ್ನರ ಕಿವಿಗೆ ಬಿದ್ದ ಮೈನಾ ಕೂಗು ‘ಬ್ಲೂಬರ್ಡ್ ಆಫ್ ಡೆಲ್ಲಿ’ಯಲ್ಲಿ ಜಿಮ್ಮಿ ಹ್ಯಾಮಿಲ್ಟನ್ನರ ಕ್ಲಾರಿನೆಟ್ಟಾಯಿತು. ಮೈನಾದಿಂದ ಕಿವಿಗೆ, ಕಿವಿಯಿಂದ ಹಾಳೆಗೆ, ಹಾಳೆಯಿಂದ ಉಸಿರಿಗೆ. ದಾರಿಯಲ್ಲಿ ಎಷ್ಟು ಉದುರಿತೋ, ಎಷ್ಟು ಸೇರಿತೋ.

• ರಾತ್ರಿ ಒಂಬತ್ತು. ಅವಳು ಟ್ರಾಂಬೋನ್ ಮುಟ್ಟಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ನ್ಯಾಂಟನ್ನರ ಒಂದೇ ಸಾಲನ್ನು ಬಾಯಲ್ಲಿ ಹಾಡುತ್ತಿದ್ದಾಳೆ. ಮೊದಲು ಹಾಡು, ಆಮೇಲೆ ಊದು ಎಂದು ಮೇಷ್ಟ್ರು ಹೇಳಿದ್ದಾರಂತೆ. ನಮ್ಮ ಸಂಗೀತದ ಮನೆಗಳಲ್ಲಿ ಇದಕ್ಕೆ ಪಾಠಾಂತರ ಎನ್ನುತ್ತಾರೆ. ಪುಸ್ತಕದಲ್ಲಿ ಸ್ವರ ಸಿಗುತ್ತದೆ, ಗಮಕಕ್ಕೆ ಎದುರು ಕೂರಬೇಕು. ಅವಳ ಎದುರು ಕೂತವರು ತೀರಿಕೊಂಡು ಎಂಬತ್ತು ವರ್ಷವಾಗುತ್ತ ಬಂತು.

• ಒಂಬತ್ತೂವರೆ. ಬಟ್ಟಲು ಹಿಡಿದು ಊದಿದಳು. ಗೊಣಗು ಬಂತು. ನ್ಯಾಂಟನ್ನರದಲ್ಲ, ಹೋಂವರ್ಕ್ ಮಾಡೆಂದಾಗ ಇವಳೇ ಗೊಣಗುವ ರಾಗ. ಗುರುವಾರ ಬರುವವರು ಇದನ್ನು ತಿದ್ದುತ್ತಾರೋ, ಇರಲಿ ಎನ್ನುತ್ತಾರೋ? ಆ ದಿನ ಶಾಲೆಗೆ ನಾನೂ ಹೋಗಬೇಕು.